ಬಣ್ಣ ಅಷ್ಟೇ ಬೇರೆ

ಜಯನಗರ ನಾಲ್ಕನೇ ಬ್ಲಾಕಿನ ಬ್ಯಾಂಕಿನಲ್ಲಿ ಸೇತುರಾಮ ಠೇವಣಿ ವಿಭಾಗದ ಆಫೀಸರ್ ಆಗಿದ್ದ. ಎಂಬತ್ತಾರನೇ ಇಸವಿಯ ಕೊನೆಗೆ ಅವನ ತಲೆಗೆ ಇನ್ನೊಂದು ಕೆಲಸ ಬಂದು ಅಂಟಿಕೊಂಡಿತು. ಬ್ಯಾಂಕು ಹೊಸದಾಗಿ ಕ್ರೆಡಿಟ್ ಕಾರ್ಡು ಶುರುಮಾಡಿತ್ತು. ಪ್ರತಿ ತಿಂಗಳೂ ಇಪ್ಪತ್ತು ಗಿರಾಕಿಗಳಿಗೆ ಕಾರ್ಡು ಮಾಡಿಸಲೇಬೇಕೆಂದು ಹೆಡ್ ಆಫೀಸಿನಿಂದ ಸುತ್ತೋಲೆ ಬಂದಿತ್ತು.

ಕಾರ್ಡಿನಲ್ಲಿ ಎರಡು ತರಹ. ನೀಲಿಯದು ಸಾಧಾರಣ. ಅದನ್ನಿಟ್ಟುಕೊಂಡವರು ಒಂದೇ ಸಲಕ್ಕೆ ಐನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿದರೆ ಅಂಗಡಿಯವನು ಬ್ಯಾಂಕಿನ ಕಾರ್ಡು ವಿಭಾಗಕ್ಕೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಆ ವಿಭಾಗಕ್ಕೆ ಭಾನುವಾರ ರಜೆ. ಇನ್ನೊಂದು ಚಿನ್ನದ ಬಣ್ಣದ್ದು, ಎಲ್ಲರೂ ಗೋಲ್ಡ್ ಎನ್ನುತ್ತಿದ್ದರು. ಅದಕ್ಕೆ ಐದು ಸಾವಿರದವರೆಗೆ ಫೋನಿಲ್ಲ, ಕೇಳುವವರಿಲ್ಲ. ಹೆಂಡತಿಯ ಹೆಸರಿಗೆ ಇನ್ನೊಂದು ಕಾರ್ಡು ಪುಕ್ಕಟೆ, ಅಪಘಾತದ ವಿಮೆ, ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ರಿಯಾಯಿತಿ. ವರ್ಷದ ಫೀಸು ಮಾತ್ರ ಜಾಸ್ತಿ, ಮತ್ತು ಆದಾಯ ತೆರಿಗೆಯ ಕಾಗದ ಬೇಕು. ಕಾಗದವಿಲ್ಲದವರಿಗೆ ಮ್ಯಾನೇಜರು ತಮ್ಮ ಜವಾಬ್ದಾರಿಯ ಮೇಲೆ ಸಹಿ ಹಾಕಿ ಕೊಡಿಸಬಹುದಿತ್ತು. ಆದರೆ ಹೆಡ್ ಆಫೀಸು ತಿಂಗಳ ಕೊನೆಗೆ ಕೇಳುತ್ತಿದ್ದದ್ದು ಎಷ್ಟು ಕಾರ್ಡು ಎಂದು. ಯಾವ ಬಣ್ಣದ್ದು ಎಂದು ಕೇಳುತ್ತಿರಲಿಲ್ಲ.

ಚಿಕ್ಕಬೈರಪ್ಪ ಬಂದದ್ದು ಮಾರ್ಚ್ ತಿಂಗಳ ಮೂವತ್ತನೇ ತಾರೀಕು. ಇಟ್ಟಮಡುವಿನ ಹಳಬ. ಬನಶಂಕರಿ ಮೂರನೇ ಹಂತದ ಬಡಾವಣೆಗೆ ಹೊಲ ಹೋದಮೇಲೆ ಬಂದ ಪರಿಹಾರದ ಹಣವನ್ನು ಮೂರು ವರ್ಷದ ಹಿಂದೆ ಸೇತುರಾಮನ ಕೈಯಲ್ಲೇ ಠೇವಣಿ ಇಡಿಸಿದ್ದ. ಆ ಶಾಖೆಯಲ್ಲಿ ಅಷ್ಟು ದೊಡ್ಡ ಠೇವಣಿ ಇದ್ದದ್ದು ನಾಲ್ಕೈದು ಜನರದು. ಉಳಿದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿ, ಇಟ್ಟಿಗೆ, ಮರಳನ್ನು ಲಾರಿಯಲ್ಲಿ ಹೊಡೆಸುವ ವ್ಯಾಪಾರ ಮಾಡಿಕೊಂಡಿದ್ದ. ಅವರೆಕಾಯಿ ಕಾಲದಲ್ಲಿ ಒಂದು ಚೀಲ ತಂದು ಬ್ಯಾಂಕಿನವರಿಗೆಲ್ಲ ಹಂಚಿಹೋಗುವ ಮನುಷ್ಯ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಸೇತುರಾಮನನ್ನು ಬಾಯಿತುಂಬ 'ಸೇತುರಾಮಣ್ಣ' ಎಂದು ಕರೆಯುತ್ತಿದ್ದ, ವಯಸ್ಸಿನಲ್ಲಿ ತಾನೇ ಹತ್ತು ವರ್ಷ ದೊಡ್ಡವನಾಗಿದ್ದರೂ.

"ಸೇತುರಾಮಣ್ಣ, ಅದೇನೋ ಕಾರ್ಡು ಕೊಡ್ತಾ ಅವ್ರಂತಲ್ಲ, ದುಡ್ಡಿಲ್ದೆ ಹೋಟ್ಲಾಗೆ ಊಟ ಮಾಡ್ಬೋದಂತೆ?"

"ದುಡ್ಡಿಲ್ದೆ ಅಲ್ಲ. ದುಡ್ಡು ಆಮೇಲೆ ಕೊಡ್ಬೇಕು," ಎಂದು ಸೇತುರಾಮ ನಕ್ಕ.

"ಹ್ಞೂ, ಅದೇ. ಮಗಳು ಗೌರಿಗೆ ಗಂಡು ಗೊತ್ತಾಗೋ ಹಂಗೈತೆ. ವಸಂತಪುರದೋರು. ಅವರ ಕಡೆ ಓದಿದೋರು ಜಾಸ್ತಿ. ಅವರನ್ನೆಲ್ಲ ಒಂದಿನ ದೊಡ್ಡ ಹೋಟ್ಲಿಗೆ ಕರ್ಕೊಂಡೋಗಿ ಊಟ ಹಾಕ್ಸಾವ ಅಂತ. ಕೈಯಾಗೆ ನೋಟಿನ ಕಂತೆ ಹಿಡ್ಕೊಂಡು ಎಣಿಸ್ತಾ ನಿಂತ್ಕೊಂಡ್ರೆ ಚೆಂದಾಗಿರಲ್ಲ ನೋಡಿ."

ಸೇತುರಾಮ ಅರ್ಜಿಯ ಫಾರಂ ತೆಗೆದ. ಇಂಗ್ಲಿಷಿನ ಕರಪತ್ರದ ಮೇಲೆ ಎರಡು ಕಾರ್ಡಿನ ಚಿತ್ರವೂ ಅಕ್ಕಪಕ್ಕ ಅಚ್ಚಾಗಿತ್ತು. ಚಿಕ್ಕಬೈರಪ್ಪ ಅದರ ಮೇಲೆ ಬೆರಳಿಟ್ಟು ಕೇಳಿದ: "ಇದ್ರಾಗೆ ದೊಡ್ಡದು ಚಿಕ್ಕದು ಅಂತ ಏನಾರ ಐತಾ?"

ಗಡಿಯಾರದಲ್ಲಿ ಎರಡು ಗಂಟೆಗೆ ಹತ್ತು ನಿಮಿಷ ಉಳಿದಿತ್ತು. ಸೇತುರಾಮನಿಗೆ ಹಸಿವಾಗಿತ್ತು. ಗೋಲ್ಡ್ ಎಂದರೆ ವಿವರಿಸಬೇಕು, ತೆರಿಗೆ ಕಾಗದ ಎಲ್ಲಿ ಎಂದು ಕೇಳಬೇಕು, ಇಲ್ಲ ಎಂದಾಗ ಮ್ಯಾನೇಜರ ಕೋಣೆಗೆ ಹೋಗಿ ಅವರನ್ನು ಒಪ್ಪಿಸಬೇಕು. ಆ ತಿಂಗಳ ಇಪ್ಪತ್ತು ಕಾರ್ಡಿಗೆ ಒಂದೇ ಕಡಿಮೆ ಇತ್ತು. ಜೊತೆಗೆ, ಇದನ್ನು ಅವನು ಆಮೇಲೆ ತನಗೆ ತಾನೇ ಒಪ್ಪಿಕೊಳ್ಳಬೇಕಾಯಿತು, ಆ ಪಂಚೆ ಟವೆಲಿಗೆ ಗೋಲ್ಡ್ ಕಾರ್ಡು ಯಾಕೆ ಎಂಬ ಮಾತೂ ಮನಸ್ಸಿನಲ್ಲಿ ಹಾದುಹೋಗಿತ್ತು.

"ಏನಿಲ್ಲ. ಬಣ್ಣ ಅಷ್ಟೇ ಬೇರೆ," ಎಂದು ನೀಲಿಯ ಚೌಕದಲ್ಲಿ ಗುರುತು ಹಾಕಿದ. ಚಿಕ್ಕಬೈರಪ್ಪ ಕನ್ನಡದಲ್ಲಿ ಗುಂಡಾಗಿ ಸಹಿ ಮಾಡಿ, ಕೈಮುಗಿದು ಹೋದ.

ಜೂನ್ ತಿಂಗಳ ಎರಡನೇ ಭಾನುವಾರ ಸೇತುರಾಮ ಹೆಂಡತಿ ಜಯಶೀಲಾಳ ಜೊತೆ ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಹೋದ. ಕರೆದವನು ಮರುಳಸಿದ್ದಪ್ಪ, ಜೆ.ಪಿ. ನಗರದಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವನಿಗೂ ತೆರಿಗೆಯ ಕಾಗದ ಸರಿಯಿರಲಿಲ್ಲ. ಆದರೆ ಸೂಟು ಹಾಕಿಕೊಂಡು ಬಂದು, ಇಂಗ್ಲಿಷಿನಲ್ಲಿ ಮಾತಾಡಿ, ಗೋಲ್ಡೇ ಬೇಕು ಎಂದಿದ್ದ. ಸೇತುರಾಮ ಮ್ಯಾನೇಜರ ಕೋಣೆಗೆ ಎರಡು ಸಲ ಹೋಗಿ ಸಹಿ ಮಾಡಿಸಿಕೊಟ್ಟಿದ್ದ. ಆ ಉಪಕಾರಕ್ಕೆ ಈ ಊಟ. ಗಿರಾಕಿಗಳಿಂದ ಹೀಗೆಲ್ಲ ಊಟ ಹಾಕಿಸಿಕೊಳ್ಳಬಾರದೆಂದು ಬ್ಯಾಂಕಿನ ನಿಯಮವಿತ್ತು. ಜಯಶೀಲಾ ಇಂಥ ಹೋಟೆಲು ನೋಡಿಲ್ಲವಲ್ಲ ಎಂದು ಅವನು ಒಪ್ಪಿಕೊಂಡಿದ್ದ.

ಮರುಳಸಿದ್ದಪ್ಪ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡೇ ಮಾತಾಡುತ್ತಿದ್ದ. "ನೋಡಿ ಮೇಡಂ, ಇದನ್ನ ತೋರಿಸಿದ್ರೆ ಇಲ್ಲಿ ಬಿಲ್ಲಲ್ಲಿ ಹತ್ತು ಪರ್ಸೆಂಟ್ ಕಟ್. ಮಿಸೆಸ್‌ಗೂ ಒಂದು ಕಾರ್ಡ್ ಕೊಟ್ಟಿದ್ದಾರೆ. ಎಲ್ಲಾ ನಿಮ್ಮ ಯಜಮಾನ್ರ ದಯೆ."

ಐಸ್ ಕ್ರೀಮು ಬಂದ ಹೊತ್ತಿಗೆ ಕ್ಯಾಷ್ ಕೌಂಟರಿನ ಕಡೆ ಮಾತು ಜೋರಾಯಿತು. ಸೇತುರಾಮ ತಲೆಯೆತ್ತಿದ. ಇಪ್ಪತ್ತು ಜನರ ಒಂದು ಗುಂಪು ಊಟ ಮುಗಿಸಿ ಬಾಗಿಲ ಹತ್ತಿರ ನಿಂತಿತ್ತು. ರೇಷ್ಮೆ ಸೀರೆಯ ಹೆಂಗಸರು, ತಲೆತುಂಬ ಮಲ್ಲಿಗೆ. ಕೌಂಟರಿನ ಮುಂದೆ ಗರಿಗರಿ ಪಂಚೆಯುಟ್ಟು ನಿಂತಿದ್ದವನು ಚಿಕ್ಕಬೈರಪ್ಪ.

"ಬ್ಲೂ ಕಾರ್ಡು ಸಾರ್ ಇದು. ಐನೂರರ ಮೇಲಾದ್ರೆ ಫೋನ್ ಮಾಡಿ ಕೇಳ್ಬೇಕು. ನಿಮ್ಮ ಬಿಲ್ಲು ಸಾವಿರದ ನಾನೂರಾಗಿದೆ. ಆಗ್ಲಿಂದ ರಿಂಗ್ ಆಗ್ತಾನೇ ಇದೆ, ಯಾರೂ ಎತ್ತುತ್ತಿಲ್ಲ," ಎಂದು ಕೌಂಟರಿನವನು ಹೇಳುತ್ತಿದ್ದ.

"ಬಣ್ಣದಾಗೇನೈತಪ್ಪ, ಎಲ್ಲಾ ಒಂದೇಯ."

"ಒಂದೇ ಅಲ್ಲ ಸಾರ್. ಗೋಲ್ಡ್ ಆಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ."

ಚಿಕ್ಕಬೈರಪ್ಪನ ದನಿ ಏರಿತು. "ಜಯನಗರದ ಬ್ಯಾಂಕಿನ ಸೇತುರಾಮಯ್ಯನೋರ್ನ ಕೇಳಿ ಬೇಕಾದ್ರೆ! ಅವರೇ ಕೊಟ್ಟಿದ್ದು. ಅವರೇ ಹೇಳವ್ರೆ!"

ಜಯಶೀಲಾ ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಹೆಸರು ಹೇಳ್ತಿದ್ದಾರೆ."

ಸೇತುರಾಮನ ಜೇಬಿನಲ್ಲಿ ಪುಟ್ಟ ಡೈರಿಯಿತ್ತು. ಅದರಲ್ಲಿ ಕಾರ್ಡು ವಿಭಾಗದ ಚನ್ನಬಸವಯ್ಯನವರ ಮನೆಯ ಫೋನ್ ನಂಬರಿತ್ತು. ರಜೆಯ ದಿನ ಇಂಥ ಪೇಚು ಬಂದರೆ ಎಂದೇ ಆಫೀಸರುಗಳಿಗೆ ಕೊಟ್ಟಿದ್ದ ನಂಬರು. ಎದ್ದು ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ಆದರೆ ನಡೆದರೆ, ಇಲ್ಲಿಗೆ ಹೇಗೆ ಬಂದಿರಿ ಎಂಬ ಪ್ರಶ್ನೆ ಬರುತ್ತದೆ. ಮೇಜಿನ ಮೇಲೆ ಚಿನ್ನದ ಬಣ್ಣದ ಕಾರ್ಡು ಎಲ್ಲರಿಗೂ ಕಾಣುವಂತೆ ಬಿದ್ದಿದೆ. ದೊಡ್ಡ ಮೆನು ಕಾರ್ಡನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ.

"ಸುಮ್ನೆ ಕೂತ್ಕೋ. ಬೇರೆ ಯಾರೋ ಸೇತುರಾಮ ಇರ್ಬೇಕು."

ಮೆನುವಿನ ಅಂಚಿನಿಂದ ಅವನಿಗೆ ಎಲ್ಲವೂ ಕಂಡಿತು. ಚಿಕ್ಕಬೈರಪ್ಪ ಜೇಬು ತಡಕಿ ಇದ್ದಷ್ಟು ನೋಟು ತೆಗೆದ, ಅದು ಎಲ್ಲಿಗೂ ಸಾಲದು. ಗಂಡಿನ ತಂದೆ ಇರಬೇಕು, ಕೋಟು ತೊಟ್ಟ ದಪ್ಪ ಮನುಷ್ಯ, ಹುಬ್ಬು ಗಂಟಿಕ್ಕಿಕೊಂಡು ತನ್ನ ಜೇಬಿಗೆ ಕೈಹಾಕಿದ. ಅಷ್ಟರಲ್ಲಿ ಚಿಕ್ಕಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಮುಂದೆ ಬಂದಳು. ಯಾರನ್ನೂ ನೋಡದೆ, ಎಡಗೈಯ ಚಿನ್ನದ ಬಳೆಯನ್ನು ತಿರುವಿ ತಿರುವಿ ಎಳೆದು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಬಳೆ ಗಾಜಿನ ಮೇಲೆ ಸಣ್ಣಗೆ ಸದ್ದು ಮಾಡಿತು. ಮಗಳು ಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ಪಾಪ, ಹಳ್ಳಿ ಜನ," ಎಂದ ಮರುಳಸಿದ್ದಪ್ಪ. "ಗೊತ್ತಿಲ್ದೆ ಇದನ್ನೆಲ್ಲ ಯಾಕೆ ತಗೋತಾರೋ."

ಜಯಶೀಲಾ ಐಸ್ ಕ್ರೀಮನ್ನು ಮುಟ್ಟಲಿಲ್ಲ. ಮನೆಗೆ ಬಂದ ಮೇಲೂ ಆ ವಿಷಯ ಎತ್ತಲಿಲ್ಲ.

ಸೋಮವಾರ ಬ್ಯಾಂಕಿನ ಬಾಗಿಲು ತೆರೆದಾಗಿನಿಂದ ಸೇತುರಾಮ ಕಾದ. ಚಿಕ್ಕಬೈರಪ್ಪ ಬಂದೇ ಬರುತ್ತಾನೆ, ಎಲ್ಲರೆದುರು ಬಯ್ಯುತ್ತಾನೆ, ಠೇವಣಿ ಮುರಿಸುತ್ತಾನೆ. ಬರಲಿ, ಬಯ್ದರೆ ಅರ್ಧ ಭಾರ ಇಳಿಯುತ್ತದೆ ಎನಿಸಿತ್ತು. ಮಂಗಳವಾರವೂ ಬರಲಿಲ್ಲ. ಬುಧವಾರ ಹಳೆಯ ಫೈಲು ತೆಗೆಸಿ ಅರ್ಜಿ ನೋಡಿದ. ನೀಲಿಯ ಚೌಕದಲ್ಲಿದ್ದ ಗುರುತು ತನ್ನ ಪೆನ್ನಿನದೇ, ಹಸಿರು ಶಾಯಿಯದು. ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ಒಯ್ದ.

ಗುರುವಾರ ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಇಟ್ಟಮಡುವಿಗೆ ಹೋದ. ಕಾರ್ಡಿನ ವಿಷಯದಲ್ಲಿ ತಪ್ಪಾಯಿತು, ಗೋಲ್ಡ್ ಮಾಡಿಸಿಕೊಡುತ್ತೇನೆ ಎಂದಷ್ಟೇ ಹೇಳುವುದೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದ. ಹೋಟೆಲಿನಲ್ಲಿ ತಾನಿದ್ದದ್ದು ಅವರಿಗೆ ಹೇಗೂ ಗೊತ್ತಿಲ್ಲ.

ಚಿಕ್ಕಬೈರಪ್ಪ ಜಗುಲಿಯಿಂದ ಎದ್ದೋಡಿ ಬಂದ. "ಅಯ್ಯೋ ಸೇತುರಾಮಣ್ಣ, ನಮ್ಮನೆಗೆ! ಲೇ, ಕಾಪಿ ಮಾಡು." ಕುರ್ಚಿಯನ್ನು ಟವೆಲಿನಿಂದ ಒರೆಸಿ ಕೂರಿಸಿದ. ಕೂತ ಮೇಲೆ ದನಿ ತಗ್ಗಿಸಿ ಅವನೇ ಶುರುಮಾಡಿದ. "ನಿಮಗೆ ಯಾರಾರ ಹೇಳಿದ್ರೇನೋ. ನಂದು ತಪ್ಪಾಯ್ತು. ಭಾನುವಾರ ಹೋಟ್ಲಾಗೆ ನಾಕು ಜನದ ಮುಂದೆ ನಿಮ್ಮ ಹೆಸರು ಕೂಗ್ಬಿಟ್ಟೆ. ಸಿಟ್ಟು ಬಂದಿತ್ತು. ನಿಮ್ಗೇನೂ ತೊಂದ್ರೆ ಆಗ್ಲಿಲ್ವಲ್ಲ? ನಾನೇ ಬಂದು ಹೇಳಾವ ಅಂತಿದ್ದೆ, ಮುಖ ತೋರ್ಸಕ್ಕೆ ಆಗ್ಲಿಲ್ಲ."

ಸೇತುರಾಮ ಕುರ್ಚಿಯ ಅಂಚಿಗೆ ಸರಿದ.

"ಬಾಮೈದ ಸಂಜೆಗೆ ದುಡ್ಡು ತಂದು ಬಳೆ ಬಿಡಿಸ್ಕೊಂಡ. ಅದೇನೂ ಇಲ್ಲ ಬಿಡಿ. ಆದ್ರೆ ಗಂಡಿನ ತಂದೆ, ವಸಂತಪುರದ ಮುನಿಯಣ್ಣನೋರು, ಆಷಾಢ ಕಳೀಲಿ, ನೋಡಾವ ಅಂತ ಹೇಳಿ ಕಳ್ಸವ್ರೆ. ನೋಡಾವ ಅಂದ್ರೆ ಏನು ಅಂತ ನಮ್ಗೆ ಗೊತ್ತಾಗಲ್ವ? ಗೌರಿ ಮೂರು ದಿನದಿಂದ ಊಟ ಬಿಟ್ಟವ್ಳೆ. ಇಂಗ್ಲಿಷು ಓದಕ್ಕೆ ಬಂದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ. ಆ ಚೀಟೀಲೆ ಬರ್ದಿರ್ಬೇಕು ಎಲ್ಲ."

ಮುನಿಲಕ್ಷ್ಮಮ್ಮ ಕಾಫಿ ತಂದಿಟ್ಟಳು. ಬಿಡಿಸಿ ತಂದ ಬಳೆಯನ್ನು ಅವಳು ಮತ್ತೆ ತೊಟ್ಟಿರಲಿಲ್ಲ, ಎಡಗೈಯಲ್ಲಿ ಗಾಜಿನ ಬಳೆಗಳಷ್ಟೇ ಇದ್ದವು.

"ಚೀಟೀಲಿ ಬರ್ದಿತ್ತು," ಎಂದ ಸೇತುರಾಮ. "ನೀವು ನನ್ನ ಕೇಳಿದ್ರಿ ಕೂಡ. ನಾನು ಸುಳ್ಳು ಹೇಳ್ದೆ. ಬಣ್ಣ ಅಷ್ಟೇ ಬೇರೆ ಅಂದೆ. ನಿಮ್ಮ ಠೇವಣಿಗೆ ಗೋಲ್ಡ್ ಸಿಗ್ತಿತ್ತು. ಮ್ಯಾನೇಜರ್ ಹತ್ರ ಹೋಗಿ ಕೇಳೋಕೆ ಸೋಮಾರಿತನ ಆಯ್ತು ನಂಗೆ." ಗೋಲ್ಡಿನಲ್ಲಿ ಏನೇನಿದೆ, ನೀಲಿಯಲ್ಲಿ ಏನಿಲ್ಲ ಎಂಬುದನ್ನು, ಅಂದು ಹೇಳಬೇಕಾಗಿದ್ದದ್ದನ್ನು, ಒಂದೊಂದಾಗಿ ಹೇಳಿದ.

ಚಿಕ್ಕಬೈರಪ್ಪ ಕೈ ಆಡಿಸಿ, "ಹೋಗ್ಲಿ ಬಿಡಿ. ಕೆಲಸದ ಒತ್ತಡದಾಗೆ ಎಲ್ರಿಗೂ ಆಯ್ತದೆ," ಎಂದ.

ಅಲ್ಲಿಗೆ ಎದ್ದುಬರಬಹುದಿತ್ತು. ಆ ಕ್ಷಮೆಯನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಬಹುದಿತ್ತು. ಅವನು ಕಾಫಿಯ ಲೋಟವನ್ನು ಕೆಳಗಿಟ್ಟ.

"ನಾನೂ ಅಲ್ಲೇ ಇದ್ದೆ," ಎಂದ.

"ಎಲ್ಲಿ?"

"ಹೋಟ್ಲಲ್ಲಿ. ಕೌಂಟರಿಂದ ನಾಲ್ಕನೇ ಮೇಜು. ನೀವು ನನ್ನ ಹೆಸರು ಕೂಗಿದ್ದು ಕೇಳಿಸ್ತು. ಒಂದು ಫೋನ್ ಮಾಡಿದ್ರೆ ಸರಿಹೋಗ್ತಿತ್ತು. ನಾನು ಮುಖ ಮುಚ್ಕೊಂಡು ಕೂತಿದ್ದೆ."

ಚಿಕ್ಕಬೈರಪ್ಪ ಟವೆಲನ್ನು ಹೆಗಲಿನಿಂದ ತೆಗೆದು, ಮಡಚಿ, ತೊಡೆಯ ಮೇಲಿಟ್ಟುಕೊಂಡ. ಮಾತಾಡಿದವಳು ಮುನಿಲಕ್ಷ್ಮಮ್ಮ.

"ಕಾಸು ಕೊಡದು ಬ್ಯಾಡಾಗಿತ್ತು ಕಣಪ್ಪ. ಎದ್ದು ಬಂದು ಪಕ್ಕದಾಗೆ ನಿಂತಿದ್ರೆ ಆಗಿತ್ತು. ನಮಗೂ ಒಬ್ರು ಅವ್ರೆ ಅಂತ ಬೀಗರಿಗೆ ಗೊತ್ತಾಗ್ತಿತ್ತು."

ಸೇತುರಾಮ ತಲೆ ಬಗ್ಗಿಸಿದ.

"ಈ ಮಾತು ನಮ್ಮ ಮುಂದೆ ಹೇಳಿ ಏನು ಬಂತು?" ಎಂದಳು ಅವಳು ಮತ್ತೆ. "ಮುನಿಯಣ್ಣನ ಮುಂದೆ ಹೇಳ್ತೀರಾ?"

"ಹೇಳ್ತೀನಿ. ಈಗ್ಲೇ ಹೋಗೋಣ."

ಚಿಕ್ಕಬೈರಪ್ಪ ಸ್ಕೂಟರಿನ ಹಿಂದೆ ಕೂತ. ಮುನಿಯಣ್ಣ ತನ್ನ ಹಿಟ್ಟಿನ ಗಿರಣಿಯಲ್ಲಿದ್ದ. ಡಬ್ಬಿಗಳನ್ನಿಟ್ಟುಕೊಂಡು ಏಳೆಂಟು ಹೆಂಗಸರು ಸಾಲಾಗಿ ಕಾಯುತ್ತಿದ್ದರು. ಗಿರಣಿಯ ಗದ್ದಲಕ್ಕೆ ಸೇತುರಾಮ ಹೇಳಿದ್ದು ಕೇಳಿಸಲಿಲ್ಲ. "ಏನಂದ್ರಿ?" ಎಂದು ಮುನಿಯಣ್ಣ ಕಿವಿಗೆ ಕೈಯಿಟ್ಟ, ಆಮೇಲೆ ಮೋಟರ್ ನಿಲ್ಲಿಸಿಯೇಬಿಟ್ಟ. ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧವಾಗಿ, ಆ ಹೆಂಗಸರೆಲ್ಲರ ಎದುರಿಗೇ ಸೇತುರಾಮ ಮೊದಲಿನಿಂದ ಹೇಳಬೇಕಾಯಿತು.

ಮುನಿಯಣ್ಣ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದ.

"ಅಲ್ಲೇ ಇದ್ರಿ ಅನ್ನಿ."

"ಇದ್ದೆ."

"ಏನು ತಿಂತಿದ್ರಿ ಆಗ?"

ಸೇತುರಾಮನ ಮುಖ ಕೆಂಪಾಯಿತು. "ಐಸ್ ಕ್ರೀಮು."

ಸಾಲಿನಲ್ಲಿದ್ದ ಒಬ್ಬ ಮುದುಕಿ ಥೂ ಎಂದಳು. ಯಾರೂ ಅವಳನ್ನು ಗದರಲಿಲ್ಲ.

ಮುನಿಯಣ್ಣ ಚಿಕ್ಕಬೈರಪ್ಪನ ಕಡೆ ತಿರುಗಿದ. "ಬೀಗರೇ, ನಾನು ಬೇರೆ ಏನೇನೋ ಅಂದ್ಕೊಂಡಿದ್ದೆ. ಜಮೀನಿನ ದುಡ್ಡೆಲ್ಲ ಕರಗಿಸ್ಕೊಂಡು, ನಮ್ಮ ಮುಂದೆ ವೇಷ ಹಾಕ್ತಾವ್ರೆ ಅಂತ."

"ಬ್ಯಾಂಕಿನೋರು ಎದುರಿಗೇ ಅವ್ರೆ, ಕೇಳಿ," ಎಂದ ಚಿಕ್ಕಬೈರಪ್ಪ. "ನನ್ನ ಠೇವಣಿ ಎಷ್ಟೈತೆ ಹೇಳಿ ಸಾರ್. ನಾನೇ ಹೇಳ್ತಾ ಇವ್ನಿ, ಹೇಳಿ."

ಸಾರ್ ಎಂದದ್ದು ಸೇತುರಾಮನಿಗೆ ಚುಚ್ಚಿತು. "ದುಡ್ಡು ಇಟ್ಟ ಹಾಗೇ ಇದೆ. ಒಂದು ರೂಪಾಯಿಯೂ ತೆಗೆದಿಲ್ಲ," ಎಂದ.

"ಅವತ್ತೇ ನಿಮ್ಮನ್ನ ಬಾಯ್ಬಿಟ್ಟು ಕೇಳ್ಬೇಕಾಗಿತ್ತು ನಾನು," ಎಂದು ಮುನಿಯಣ್ಣ ಚಿಕ್ಕಬೈರಪ್ಪನ ಕೈ ಹಿಡಿದುಕೊಂಡ. "ಬನ್ನಿ, ಮನೇಲಿ ಕೂತು ಮಾತಾಡಾವ." ಇಬ್ಬರೂ ಗಿರಣಿಯ ಹಿಂಬಾಗಿಲಿನಿಂದ ಮನೆಗೆ ಹೋದರು. ಸೇತುರಾಮನನ್ನು ಯಾರೂ ಕರೆಯಲಿಲ್ಲ. ಗಿರಣಿಯ ಆಳು ಮೋಟರನ್ನು ಮತ್ತೆ ಶುರುಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ಅವನು ಹಿಂದಿರುಗಿದ.

ಮರುದಿನ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿ, ಬೇಕಾದರೆ ಬರೆದುಕೊಡುತ್ತೇನೆ ಎಂದ. ಮ್ಯಾನೇಜರು ಬಾಗಿಲು ಹಾಕಿಕೊಂಡು, "ಬರೆದುಗಿರೆದು ಏನೂ ಬೇಡ್ರೀ. ಆ ಕಂಟ್ರಾಕ್ಟರನ ಕಾಗದದ ಮೇಲೆ ನನ್ನ ಸಹಿ ಇದೆ. ಇನ್ಮೇಲೆ ನೋಡ್ಕೊಂಡು ಮಾಡಿ," ಎಂದು ಕಳಿಸಿದರು. ಶಿಕ್ಷೆಯಿಲ್ಲದೆ ಹೊರಗೆ ಬಂದಾಗ ಸೇತುರಾಮನಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಚಿಕ್ಕಬೈರಪ್ಪನ ಹೆಸರಿಗೆ ಗೋಲ್ಡ್ ಅರ್ಜಿ ತುಂಬಿಸಿ ಜವಾನನ ಕೈಯಲ್ಲಿ ಕಳಿಸಿದ. ಸಹಿಯಿಲ್ಲದೆ ಅದು ವಾಪಸು ಬಂತು. ಜೊತೆಗೆ ನೀಲಿ ಕಾರ್ಡೂ ಇತ್ತು.

ಅಂದಿನಿಂದ ಚಿಕ್ಕಬೈರಪ್ಪ ಬ್ಯಾಂಕಿಗೆ ಬಂದರೆ ಪಕ್ಕದ ಮೇಜಿನ ಗುಮಾಸ್ತೆ ವಿಮಲಾ ಹತ್ತಿರ ಹೋಗುತ್ತಿದ್ದ. ಸೇತುರಾಮ ಎದುರಾದರೆ ಕೈಮುಗಿದು, "ನಮಸ್ಕಾರ ಸಾರ್," ಎನ್ನುತ್ತಿದ್ದ. ಅದರಲ್ಲಿ ಕೋಪವಿರಲಿಲ್ಲ. ಹೊಸಬರ ಜೊತೆ ಮಾತಾಡುವ ಮರ್ಯಾದೆಯಿತ್ತು. ಶ್ರಾವಣದಲ್ಲಿ ಲಗ್ನಪತ್ರಿಕೆ ತಂದಾಗ ಎಲ್ಲ ಮೇಜಿಗೂ ಕೊಟ್ಟಂತೆ ಅವನ ಮೇಜಿಗೂ ಒಂದು ಕೊಟ್ಟ.

ಬನಶಂಕರಿ ದೇವಸ್ಥಾನದ ಹತ್ತಿರದ ಛತ್ರದಲ್ಲಿ ಮದುವೆ. ಹೋಗುವುದೋ ಬೇಡವೋ ಎಂದು ಒದ್ದಾಡುತ್ತಿದ್ದವನನ್ನು ಜಯಶೀಲಾ ಹೊರಡಿಸಿದಳು. ಗೌರಿ ಹಸೆಮಣೆಯ ಮೇಲೆ ನಗುತ್ತಿದ್ದಳು. ಸೇತುರಾಮ ದೂರದಿಂದಲೇ ಅಕ್ಷತೆ ಹಾಕಿ ಊಟದ ಸಾಲಿನ ಕೊನೆಯಲ್ಲಿ ಕೂತ. ಚಿಕ್ಕಬೈರಪ್ಪ ಪಂಕ್ತಿಯಲ್ಲಿ ಓಡಾಡುತ್ತಾ, "ಸಾರ್‌ಗೆ ಇನ್ನೊಂದು ಒಬ್ಬಟ್ಟು ಬಡಿಸ್ರಪ್ಪ," ಎಂದು ಹೇಳಿ ಮುಂದಕ್ಕೆ ಹೋದ. ಎಲೆಯಲ್ಲಿದ್ದದ್ದನ್ನು ಸೇತುರಾಮ ಒಂದಗುಳೂ ಬಿಡದೆ ತಿಂದ.

ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಜಯಶೀಲಾ ಹೇಳಿದಳು. "ನೀವು ಅವರ ಮನೆಗೆ ಹೋಗಿದ್ರಂತೆ. ಹುಡುಗೀ ತಾಯಿ ಒಳಗೆ ಹೇಳಿದ್ರು. ವಸಂತಪುರಕ್ಕೂ ಹೋಗಿ ಹೇಳಿದ್ರಂತೆ. ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಮುಖ ಇರ್ಲಿಲ್ಲ."

ಅವಳು ಸೆರಗು ಸರಿಮಾಡಿಕೊಂಡಳು. ರಸ್ತೆಯಲ್ಲಿ ಕನಕಪುರದ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ಅವತ್ತು ನನಗೂ ಕೇಳಿಸಿತ್ತಲ್ಲ," ಎಂದಳು. "ನೀವು ಸುಮ್ನೆ ಕೂತ್ಕೋ ಅಂದ್ರಿ, ನಾನು ಕೂತೆ. ಎದ್ದು ಹೋಗಿ ನಾನೇ ಆ ಹೆಂಗಸಿನ ಪಕ್ಕ ನಿಂತ್ಕೋಬಹುದಿತ್ತು. ಅದನ್ನ ಇವತ್ತು ಅವರಿಗೆ ಹೇಳೋಣ ಅಂತಲೇ ಬಂದೆ ನಾನು. ಪತ್ರಿಕೆ ನೋಡಿ ನೀವು ಒದ್ದಾಡಿದಾಗಲೇ ಅವರೇ ಅಂತ ಗೊತ್ತಾಗಿತ್ತು. ಮದುವೆ ಗಲಾಟೆಯಲ್ಲಿ ಆಗ್ಲಿಲ್ಲ."

ಸೇತುರಾಮ ಸ್ಕೂಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಇನ್ನೂ ಒಳಗೇ ಇದ್ದಾರೆ," ಎಂದ. "ಹೋಗಿ ಹೇಳಿ ಬಾ. ನಾನು ಇಲ್ಲೇ ಇರ್ತೀನಿ."

ಅವಳು ಛತ್ರದ ಮೆಟ್ಟಿಲು ಹತ್ತಿದಳು. ಅವನು ಬೇವಿನ ಮರದ ಕೆಳಗೆ ನಿಂತು, ಅವಳು ಬರುವವರೆಗೂ ಬಾಗಿಲನ್ನೇ ನೋಡುತ್ತಿದ್ದ.